ಚರ್ಚಿನ ಅಂಗಳದಲ್ಲಿ ಸಿದ್ದಿಗಳಿಗೊಂದು ಮೇಜು

ಮಾನ್ಯ ಸಂಪಾದಕರೇ,

ಜನಾಂಗೀಯ ತಾರತಮ್ಯದ ವಿರುದ್ಧ ಚರ್ಚುಗಳು ಬಹಿರಂಗವಾಗಿ ನಿಲ್ಲಬೇಕು. ಅದಕ್ಕೆ ಮಾರ್ಚ್ 21 ತಕ್ಕ ದಿನ. 1960ರಲ್ಲಿ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ವರ್ಣಭೇದದ ವಿರುದ್ಧ ಪ್ರತಿಭಟಿಸುತ್ತಿದ್ದವರಲ್ಲಿ 69 ಮಂದಿ ಪೊಲೀಸರ ಗುಂಡಿಗೆ ಬಲಿಯಾದ ದಿನವದು. ಆದರೆ ಹುಬ್ಬಳ್ಳಿ-ಧಾರವಾಡದ ಚರ್ಚು ಸಭೆಗಳು ಆ ದಿನ ಹಿಡಿಯುವ ಪ್ರತಿಭಟನೆಯ ಫಲಕದಲ್ಲಿ ಕಲಘಟಗಿ, ಹಳಿಯಾಳದ ಸಿದ್ದಿಗಳ ಹೆಸರಿರಲೇಬೇಕು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿ ಇವರು. ತಲೆಮಾರುಗಳಿಂದ ಇಲ್ಲಿಯವರೇ ಆದರೂ 'ಯಾವ ದೇಶದವ್ರಪಾ ನೀವು?' ಎಂಬ ಪ್ರಶ್ನೆ ತಪ್ಪಿಲ್ಲ. ಹಳಿಯಾಳದ ಕಡೆ ಇವರಲ್ಲಿ ಕ್ರೈಸ್ತರೂ ಬಹಳ.

ಅಮೆರಿಕದ ಮಾಂಟ್ಗೊಮರಿಯಲ್ಲಿ, ಬಸ್ಸಿನಲ್ಲಿ ಕಪ್ಪು ಜನರಿಗೆ ಮಾಡುತ್ತಿದ್ದ ತಾರತಮ್ಯದ ವಿರುದ್ಧ 1955-56ರ ಬಸ್ ಬಹಿಷ್ಕಾರ 381 ದಿನ ನಡೆಯಿತು. ಜನರನ್ನು ದಿನಾ ಕೆಲಸಕ್ಕೆ ಮುಟ್ಟಿಸಲು ಅಲ್ಲಿನ ಚರ್ಚುಗಳು ವಾಹನ ಓಡಿಸಿದವು. ಇಲ್ಲಿ ಬೇಕಾಗಿರುವುದು ಜಾತಿ ಪ್ರಮಾಣಪತ್ರದ ನೆರವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮೇಜು ಹಾಕಿ, ನಾಡಕಚೇರಿಗೆ ಕೊಡುವ ಅರ್ಜಿ ತುಂಬಿಸಿಕೊಡಿ.

2003ರಲ್ಲಿ ಎಸ್‌ಟಿ (ಪರಿಶಿಷ್ಟ ಪಂಗಡ) ಪಟ್ಟಿಗೆ ಸೇರಿದ್ದು ಉತ್ತರ ಕನ್ನಡದ ಸಿದ್ದಿಗಳು ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ ಅದು ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ಹಳೇ ಪಟ್ಟಿ ನೋಡಿ 'ನಿಮ್ಮ ಜಿಲ್ಲೆಗಿಲ್ಲ' ಎಂದರೆ ತಿದ್ದುಪಡಿಯ ಪ್ರತಿ ಮುಂದಿಡಬೇಕು. ಕ್ರೈಸ್ತರಾದರೆ ಎಸ್‌ಟಿ ಸ್ಥಾನ ಹೋಗುತ್ತದೆ ಎಂಬುದೂ ತಪ್ಪು. ಧರ್ಮದ ಷರತ್ತಿರುವುದು 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾದಲ್ಲಿ (ದಲಿತ ಕ್ರೈಸ್ತರಿಗೆ ಅದರಿಂದಾದ ಅನ್ಯಾಯ ಇನ್ನೂ ಸರಿಹೋಗಿಲ್ಲ). ಪರಿಶಿಷ್ಟ ಪಂಗಡದ ಆದೇಶದಲ್ಲಿ ಅಂಥ ಷರತ್ತೇ ಇಲ್ಲ.

ಹೆಚ್ಚು ಕೆಡುವುದು ಶಾಲಾ ದಾಖಲೆಯಲ್ಲಿ. ಜಾತಿ ಕಾಲಂನಲ್ಲಿ 'ಕ್ರಿಶ್ಚಿಯನ್' ಎಂದಷ್ಟೇ ಬರೆಸಿದರೆ ಮುಂದೆ ಅದೇ ಅಡ್ಡಿ. ಧರ್ಮ ಕ್ರೈಸ್ತ, ಜಾತಿ ಸಿದ್ದಿ ಎಂದು ಬೇರೆ ಬೇರೆಯಾಗಿ ಬರೆಸಿ. ವಂಶಾವಳಿ ತೋರಿಸಲು ಅಜ್ಜ, ಅಪ್ಪನ ದೀಕ್ಷಾಸ್ನಾನದ ದಾಖಲೆ ನೆರವಾಗುತ್ತದೆ. ಆ ರಿಜಿಸ್ಟರ್ ಇರುವುದು ಚರ್ಚಿನ ಕಪಾಟಿನಲ್ಲೇ. ನಕಲು ಕೊಡಲು ಅಲೆದಾಡಿಸಬೇಡಿ.

ತಹಶೀಲ್ದಾರರು ಅರ್ಜಿ ತಿರಸ್ಕರಿಸಿದರೆ ಲಿಖಿತ ಹಿಂಬರಹ ಪಡೆದು, 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನಲ್ಲಿ 'ಆಗೂದಿಲ್ಲ' ಅನ್ನಿಸಿಕೊಂಡು ಮರಳಿದರೆ ಮೇಲ್ಮನವಿಗೆ ಕೈಯಲ್ಲಿ ಕಾಗದವೇ ಇರುವುದಿಲ್ಲ. ಆದ್ದರಿಂದ ಸಭೆಯ ಹಿರಿಯರೊಬ್ಬರು ಜೊತೆಗೆ ಹೋಗಲಿ.

ಕಾಲೇಜು ದಾಖಲಾತಿ ಶುರುವಾದ ಮೇಲೆ ಈ ಓಡಾಟಕ್ಕೆ ಸಮಯ ಸಾಲದು. ಫಲಕ ಹಿಡಿಯುವ ಮಾರ್ಚ್‌ನಲ್ಲೇ ಮೇಜೂ ಹಾಕಿ.

— ಕೆಲವು ಓದುಗರು, ಧಾರವಾಡ