ಯಾರ ಗೆರೆ, ಪುಟ್ಟೀ?

ಪುಟ್ಟೀ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತದ್ದನ್ನು ನಿಮ್ಮಮ್ಮನಿಗೆ ಹೇಳಿಲ್ಲ. ಹೇಳಿದ್ದರೆ ಅವಳು ಅಷ್ಟು ಹೊತ್ತಿಗೇ ಬರೋಡಾ ರೈಲು ಹತ್ತಿರುತ್ತಿದ್ದಳು. "ಇದು ನಿನ್ನ ಕೈ ಅಲ್ಲ, ಇನ್‌ಸ್ಟಾಗ್ರಾಂ ಕೈ" ಅಂತ ನಿಮ್ಮ ಚಿತ್ರಕಲೆಯ ಮೇಷ್ಟ್ರು ಕ್ಲಾಸಿನ ಎದುರು ಅಂದರಂತೆ. ಎಲ್ಲರೆದುರು ಅನ್ನಬಾರದಿತ್ತು, ಒಪ್ಪುತ್ತೇನೆ. ಆದರೆ ನೀನು ಚಿತ್ರ ಬರೆದು ಕಳಿಸಿದ ಆರು ಹಾಳೆಗಳನ್ನು ನಾನೂ ದೊಡ್ಡದು ಮಾಡಿ ನೋಡಿದೆ. ಮೂರರಲ್ಲಿ ಅವರು ಹೇಳಿದ್ದು ನಿಜ.

ಎಲ್ಲರಿಗೂ ಅದೇ ಗುಂಡು ಕೆನ್ನೆ, ಚುಕ್ಕಿ ಕಣ್ಣು. ಮೂಲೆಯಲ್ಲೊಂದು ದೊಡ್ಡೆಲೆ ಗಿಡದ ಕುಂಡ, ಅದರ ಪಕ್ಕ ಬೆಕ್ಕು. ನಮ್ಮ ಶ್ರೀರಾಂಪುರದ ಮನೆಯಲ್ಲಿ ಆ ಕುಂಡ ಇಡೋಕೆ ಜಾಗ ಎಲ್ಲಿತ್ತೇ? ಬೆಕ್ಕು ಬಂದರೆ ನಿಮ್ಮಜ್ಜಿ ಪೊರಕೆ ಹುಡುಕುತ್ತಿದ್ದಳು.

ನಕಲು ಮಾಡೋದು ಪಾಪ ಅಂತ ನಾನು ಹೇಳಲಾರೆ, ನನ್ನ ಅನ್ನ ಬೆಂದದ್ದೇ ಅದರಲ್ಲಿ. ಬೋರ್ಡ್ ಬರೆಯೋದು ಕಲಿಯಲು ಹೋದಾಗ ಗುರುಗಳು ಆರು ತಿಂಗಳು ಬರೀ 'ಶ್ರೀ' ಬರೆಸಿದರು. ಹಳೇ ಪೇಪರಿನ ಮೇಲೆ ಸುಣ್ಣದ ದಾರ ಎಳೆದು ಎರಡು ಗೆರೆ ಹೊಡಿ, ನಡುವೆ 'ಶ್ರೀ'. ಬ್ರಷ್ಷಿನಲ್ಲಿ ಎನಾಮಲ್ ಹೆಚ್ಚಾದರೆ ಇಳಿಯುತ್ತೆ, ಕಮ್ಮಿಯಾದರೆ ತಿರುವಿನಲ್ಲಿ ಹರಿದುಹೋಗುತ್ತೆ. ಅವರದನ್ನು ಪಕ್ಕದಲ್ಲಿಟ್ಟುಕೊಂಡು ಎಷ್ಟು ತಿದ್ದಿದರೂ ನನ್ನದು ಸತ್ತ ಹಲ್ಲಿಯಂತೆ ಬಿದ್ದಿರುತ್ತಿತ್ತು. ಒಂದು ದಿನ ರೇಗಿ, "ಅಕ್ಷರ ಯಾಕೋ ನೋಡ್ತೀಯ? ನನ್ನ ಮಣಿಕಟ್ಟು ನೋಡು" ಅಂದರು. ನೋಡಿದೆ. ಎಡಗೈಯ ಕೋಲಿನ ಮೇಲೆ ಬಲಗೈ ಆನಿಸಿ, ತಿರುವು ಬರುವ ಮುಂಚೆ ಉಸಿರು ಹಿಡಿದು, ತಿರುಗಿದ ಮೇಲೆ ಬಿಡುತ್ತಿದ್ದರು. ಆ ಉಸಿರು ಕದ್ದ ಮೇಲೆ ಅಕ್ಷರ ತಾನಾಗಿಯೇ ಬಂತು. ಅವರದಕ್ಕಿಂತ ಸ್ವಲ್ಪ ದಪ್ಪ, ಆದರೆ ನನ್ನದು.

ಲಕ್ಷ್ಮಣ್ ಕತೆ ನಿನಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಪೇಪರಿನಲ್ಲಿ ಬರುತ್ತಿದ್ದ ಲಂಡನ್ನಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳಿಗೆ ಮರುಳಾಗಿದ್ದರು. 'ಲೋ' ಅನ್ನುವ ಇಂಗ್ಲಿಷ್ ಸಹಿಯನ್ನು ಬಹಳ ಕಾಲ 'ಕೌ' ಅಂತಲೇ ಓದಿಕೊಂಡಿದ್ದರಂತೆ. ಹಸುವಿಗೆ ಶಿಷ್ಯನಾದ ಹುಡುಗ! ಲೋ ಅವರ ಬ್ರಷ್ಷಿನ ಓಟ ಲಕ್ಷ್ಮಣ್ ಗೆರೆಯಲ್ಲಿ ಕೊನೆಯವರೆಗೂ ಇದೆ. ಲಕ್ಷ್ಮಣ್ ಬರೆಯುತ್ತಿದ್ದ ಕಾಗೆ ಮಾತ್ರ ಲಂಡನ್ನಿನಿಂದ ಬಂದದ್ದಲ್ಲ. ಚಿಕ್ಕಂದಿನಿಂದ ನೋಡಿ ನೋಡಿ ಬರೆದ ನಮ್ಮೂರ ಕಾಗೆ ಅದು. ಬಾಂಬೆಯ ಜೆ.ಜೆ. ಸ್ಕೂಲಿನವರು ಈ ಹುಡುಗನಲ್ಲಿ ಬೇಕಾದ ಪ್ರತಿಭೆ ಇಲ್ಲ ಅಂತ ಸೀಟು ಕೊಟ್ಟಿರಲಿಲ್ಲ. ಇದನ್ನು ನಿನಗೆ ಸಮಾಧಾನ ಹೇಳೋಕೆ ಬರೆದೆ ಅಂದುಕೋಬೇಡ, ನಿನ್ನದು ಬೇರೆ ಕೇಸು.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ. ನಿನಗೆ ಆಗ ಏಳೋ ಎಂಟೋ ವರ್ಷ, ಕಬ್ಬನ್ ಪಾರ್ಕಿನ ಪುಟಾಣಿ ರೈಲು ತಪ್ಪಿಹೋಗುತ್ತೆ ಅಂತ ಇಡೀ ಹೊತ್ತು ನನ್ನ ಪಂಚೆ ಜಗ್ಗುತ್ತಿದ್ದೆ. ಅಲ್ಲಿನ ಊಟಿಯ ಜಲವರ್ಣಗಳಲ್ಲಿ ಬೆಟ್ಟದ ಅಂಚು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ವೆಂಕಟಪ್ಪ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. 1903ರಲ್ಲಿ ಯೊಕೊಯಾಮಾ ತೈಕಾನ್ ಅನ್ನುವ ಜಪಾನಿ ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಬಣ್ಣದ ಮೇಲೆ ನೀರಾಡಿಸುವ ವಾಶ್ ವಿಧಾನವನ್ನು ಅವನೀಂದ್ರನಾಥರು ರೂಢಿಸಿಕೊಂಡದ್ದು ಅವರ ಸಹವಾಸದಿಂದ. ಹಾಗಾಗಿ ನಮ್ಮ ವೆಂಕಟಪ್ಪನವರ ಮಂಜು ಅರ್ಧ ನೀಲಗಿರಿಯದು, ಅರ್ಧ ಜಪಾನಿನದು ಅನ್ನೋದು ನನ್ನ ಲೆಕ್ಕ. ತಿಳಿದವರು ಒಪ್ಪುತ್ತಾರೋ ಇಲ್ಲವೋ.

ನೀನು ಫೋನಿನಲ್ಲಿ ಬೆರಳಾಡಿಸುವಾಗ ಆ ಕೊನೆಯ ಮಂಜು ಮಾತ್ರ ಕಾಣುತ್ತೆ. ಅದಕ್ಕೇ ಹೇಳೋದು, ನಿನಗೆ ಇಷ್ಟವಾದ ಚಿತ್ರಕಾರರು ಯಾರನ್ನು ನೋಡಿ ಬೆಳೆದರು, ಅವರು ಮತ್ತೆ ಯಾರನ್ನು ಅಂತ ಒಂದೆರಡು ಮೆಟ್ಟಿಲು ಹಿಂದಕ್ಕೆ ಇಳಿ. ಕನ್ನಡಕ ಕಾಣದೆ ಪರದಾಡುವ ಅಜ್ಜಿಯ ಪುಸ್ತಕ ಬರೆದ ಪ್ರಿಯಾ ಕುರಿಯನ್ ಅಂದರೆ ನಿನಗೆ ಪ್ರಾಣ. (ಅದರಲ್ಲಿ ಕತೆ ಹೇಳೋಕೆ ಮಾತೇ ಇಲ್ಲ, ನನ್ನಂಥವನ ಹೊಟ್ಟೆ ಮೇಲೆ ಹೊಡೆಯುವ ಪುಸ್ತಕ!) ಆ ಅಜ್ಜಿಯ ಮೂಗನ್ನು ಎತ್ತಿಕೊಂಡು ಬಂದರೆ ಏನು ಬಂತು? ನಿಮ್ಮಜ್ಜಿಗೂ ಮೂಗು ಇತ್ತಲ್ಲ, ಎರಡು ಕಡೆ ಮೂಗುಬಟ್ಟಿನ ತೂತು ಸಮೇತ.

ಇನ್ನೊಬ್ಬರು ಕಲಾವಿದೆ ಪುಷ್ಪಮಾಲಾ, ನಮ್ಮ ಬೆಂಗಳೂರಿನವರೇ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಫೋಟೋಗಳಲ್ಲಿ ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತಿದ್ದಾರೆ. ಕಮಲ, ಆನೆ, ಹಿಂದಿನ ಪರದೆ ಎಲ್ಲ ಉಂಟು. ಆ ಲಕ್ಷ್ಮಿಯನ್ನು ಕ್ಯಾಲೆಂಡರ್ ನೋಡಿಕೊಂಡು ಕಿರಾಣಿ ಅಂಗಡಿಗಳ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಅವಳು ಯಾರು, ಹೀಗೇ ಯಾಕೆ ನಿಂತಿದ್ದಾಳೆ ಅಂತ ಕೇಳಿಕೊಳ್ಳಲಿಲ್ಲ. ಪುಷ್ಪಮಾಲಾ ಕೇಳಿದರು. ಅಚ್ಚು ಒಂದೇ, ಕೆಲಸ ಬೇರೆ.

ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ಶೀಲಾ ಗೌಡ. ಭದ್ರಾವತಿಯಲ್ಲಿ ಹುಟ್ಟಿ, ಇಲ್ಲೇ ಕೆನ್ ಕಲಾಶಾಲೆಯಲ್ಲಿ ಕಲಿತವರು. ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲಿ ಅಂತ ಕಟ್ಟುತ್ತಾರಲ್ಲ, ಕೂದಲಿನ ಕಪ್ಪು ಹಗ್ಗ, ಅದನ್ನೇ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಬಳಸಿ, ಇಪ್ಪತ್ತರಷ್ಟು ಬಂಪರುಗಳನ್ನು ಅದರಲ್ಲಿ ತೂಗುಹಾಕಿದರು. 2009ರಲ್ಲಿ ವೆನಿಸ್ಸಿನ ದೊಡ್ಡ ಪ್ರದರ್ಶನದಲ್ಲಿತ್ತು. ನಾನು ನೋಡಿದ್ದು ಫೋಟೋದಲ್ಲಿ. ಮಣಭಾರದ ಉಕ್ಕನ್ನು ಯಾರ ಯಾರದೋ ಮುಡಿ ಹೊತ್ತುಕೊಂಡಿದೆ. ಲಾರಿಗಳ ಹಿಂದೆ ಅಕ್ಷರ ಬರೆಯುತ್ತಾ ಆ ಹಗ್ಗವನ್ನು ಮೂವತ್ತು ವರ್ಷ ಪಕ್ಕಕ್ಕೆ ಸರಿಸಿದವನು ನಾನು. ಬಣ್ಣ ಅಂಟುತ್ತೆ ಅಂತ ಬೈದುಕೊಂಡೇ ಸರಿಸುತ್ತಿದ್ದೆ. ನನಗೆ ಅಡ್ಡಿಯಾಗಿದ್ದು ಆಕೆಗೆ ಕಂಡಿತು. ಅವತ್ತು ಊಟ ಸೇರಲಿಲ್ಲ ಅಂದರೆ ನಗಬೇಡ.

ಉಳಿದ ಮೂರು ಹಾಳೆಗಳ ವಿಷಯ. ಬಸ್‌ಸ್ಟ್ಯಾಂಡಿನಲ್ಲಿ ಹೂ ಕಟ್ಟುವವಳನ್ನು ಬರೆದಿದ್ದೀಯಲ್ಲ, ಅವಳ ದಾರ ಕೊನೆಗೆ ಎಡಕ್ಕೆ ಕೊಕ್ಕೆಯಂತೆ ತಿರುಗಿ ನಿಲ್ಲುತ್ತೆ. ಅಲ್ಲಿ ಉಸಿರು ಬಿಟ್ಟಿದ್ದೀಯ. ನಿಮ್ಮ ಮೇಷ್ಟ್ರಿಗೆ ಆ ತಿರುವು ಎಲ್ಲಿಂದ ಬಂತು ಅಂತ ಗೊತ್ತಾಗೋದು ಸಾಧ್ಯವಿಲ್ಲ, ಅವರಿಗೆ ಕನ್ನಡ ಬರೋಲ್ಲವಲ್ಲ. ಗುರುಗಳ 'ಶ್ರೀ' ಅದು. ನನ್ನ ಅಂಗಡಿಯಲ್ಲಿ ಫ್ಲೆಕ್ಸ್ ಮಿಷನ್ ಬರುವ ಮುಂಚೆ ಡಬ್ಬಿಗಳ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದೆಯಲ್ಲ, ಆಗ ಕದ್ದಿರಬೇಕು.

ಪಾರ್ಸೆಲ್ಲಿನಲ್ಲಿ ನನ್ನ ಎರಡು ಅಳಿಲುಕೂದಲ ಬ್ರಷ್ ಇಟ್ಟಿದ್ದೇನೆ. ಎನಾಮಲ್ ಕುಡಿದು ಬೆಳೆದವು, ನೀರಿನ ಬಣ್ಣಕ್ಕೆ ಮೊದಮೊದಲು ಮುನಿಸಿಕೊಳ್ಳುತ್ತವೆ. ಜನವರಿಯಲ್ಲಿ ಚಿತ್ರಸಂತೆಗೆ ರಜೆ ಹಾಕಿ ಬಾ, ಕುಮಾರಕೃಪಾ ರಸ್ತೆ ತುಂಬ ಚಿತ್ರ, ಒಂದೂ ವಾಹನ ಇರೋಲ್ಲ. ಬೆಳಿಗ್ಗೆ ಎಂಟಕ್ಕೇ ಹೋಗೋಣ, ಆಮೇಲೆ ಕಾಲಿಡೋಕೆ ಆಗೋಲ್ಲ. ಬ್ರಷ್ಷಿನ ಕೆಳಗೆ ಇರೋದು ನಿಮ್ಮಮ್ಮನ ಚಟ್ನಿಪುಡಿ. ಎರಡು ಕವರು ಹಾಕಿದ್ದೇನೆ, ಆದರೂ ಬ್ರಷ್ ಬಾಯಿಗಿಡುವ ಮುಂಚೆ ಒಂದು ಸಲ ಮೂಸಿ ನೋಡು.

ನಿನ್ನ,
ಅಪ್ಪ