ಗವಾನನ ಮದರಸದ ಎದುರು ಕುಳಿತು ಬರೆದ ಪತ್ರ

ಪ್ರಿಯ ಗೆಳೆಯ,

ಧರ್ಮಗಳೇ ಇಲ್ಲದಿದ್ದರೆ ಜಗತ್ತಿನ ಅರ್ಧದಷ್ಟು ಯುದ್ಧಗಳು ನಡೆಯುತ್ತಿರಲಿಲ್ಲ ಎಂದು ನೀನು ಬರೆದ ಮಾತು ಎರಡು ವಾರದಿಂದ ನನ್ನನ್ನು ಕಾಡುತ್ತಿದೆ. ಬೀದರಿನ ಮಹಮೂದ್ ಗವಾನ್ ಮದರಸದ ಎದುರು, ಅದರ ಉಳಿದಿರುವ ಒಂದೇ ಮಿನಾರನ್ನು ನೋಡುತ್ತ ಕುಳಿತು ಇದನ್ನು ಬರೆಯುತ್ತಿದ್ದೇನೆ.

1472ರಲ್ಲಿ ಇದನ್ನು ಕಟ್ಟಿಸಿದ ಗವಾನ್, ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಅವನ ಪ್ರಾಣ ತೆಗೆಸಿದವರು ಅನ್ಯಧರ್ಮದವರಲ್ಲ. ಹೊರನಾಡಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯೇ ಬೇರೂರಿದ್ದ ದಖನಿಗಳಿಗೂ ಹುದ್ದೆ, ಜಾಗೀರುಗಳಿಗಾಗಿ ನಡೆಯುತ್ತಿದ್ದ ಪೈಪೋಟಿಯಲ್ಲಿ, ವಿರೋಧಿಗಳು ಅವನ ಮೊಹರು ಬಿದ್ದ ಖಾಲಿ ಕಾಗದದ ಮೇಲೆ ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆಸಿದರು. ಅದನ್ನು ನಂಬಿದ ಸುಲ್ತಾನ ಮೂರನೆಯ ಮಹಮ್ಮದ್ ಶಾಹ 1481ರಲ್ಲಿ ಆ ವೃದ್ಧನ ತಲೆ ತೆಗೆಸಿದ. ಅಫಾಕಿಗಳಲ್ಲಿ ಅನೇಕರು ಶಿಯಾಗಳು, ದಖನಿಗಳು ಹೆಚ್ಚಾಗಿ ಸುನ್ನಿಗಳು ಎಂಬ ಭೇದವೂ ಆ ಹಗೆಗೆ ಉರುವಲಾಯಿತು, ನಿಜ. ಆದರೆ ಒಲೆ ಹೂಡಿದ್ದು ಅಧಿಕಾರಕ್ಕಾಗಿ.

ಹದಿನೇಳನೆಯ ಶತಮಾನದಲ್ಲಿ ಯುರೋಪಿನ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಹತ್ತಿಕೊಂಡ ಮೂವತ್ತು ವರ್ಷಗಳ ಯುದ್ಧದಲ್ಲಿಯೂ ಅಷ್ಟೇ. ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್ ಆಗಿದ್ದ ಫ್ರಾನ್ಸಿನ ಮಂತ್ರಿ ರಿಷಲ್ಯೂ, 1631ರಲ್ಲಿ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ರಾಜಮನೆತನದ ಬಲ ಮುರಿಯಲು ಪ್ರಾಟೆಸ್ಟಂಟ್ ಸ್ವೀಡನ್ನಿಗೆ ಹಣ ಒದಗಿಸಿದ.

ಹಾಗೆಂದು ಧರ್ಮವನ್ನು ಬರಿಯ ಮುಸುಕೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೊಲದ ಬದುವಿನ ಜಗಳವಾದರೆ ಹಿರಿಯರು ಸರಪಳಿ ಹಿಡಿದು ಅಳೆಸಿ ಪಾಲು ಮಾಡಿಸಬಹುದು. ಅದೇ ನೆಲ ಪವಿತ್ರವೆನಿಸಿದ ಮೇಲೆ ಗೇಣು ಜಾಗ ಬಿಟ್ಟುಕೊಟ್ಟರೂ ದ್ರೋಹವೆನಿಸುತ್ತದೆ. ಜೆರುಸಲೇಮಿನಲ್ಲಿ ಯಹೂದಿಗಳು ತಮ್ಮ ಪ್ರಾಚೀನ ದೇವಾಲಯವಿದ್ದ ಗುಡ್ಡವೆಂದೂ ಮುಸ್ಲಿಮರು ಹರಮ್ ಅಲ್ ಶರೀಫ್ ಎಂದೂ ಗೌರವಿಸುವುದು ಒಂದೇ ಜಾಗವನ್ನು. 2000ದ ಜುಲೈನಲ್ಲಿ ಇಸ್ರೇಲಿಗೂ ಪ್ಯಾಲೆಸ್ತೀನಿಯರಿಗೂ ನಡೆದ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದುಬೀಳಲು ಅದರ ಒಡೆತನದ ಪ್ರಶ್ನೆಯೂ ಕಾರಣವಾಯಿತು. ಗಾದಿಗಾಗಿ ಜನರ ಭಕ್ತಿಯನ್ನು ಕೆರಳಿಸಿದ ನಾಯಕ, ನಾಳೆ ತಾನೇ ರಾಜಿಗೆ ಬಯಸಿದರೂ ಆ ಜನ ಅವನ ಹಿಂದೆ ಬರಲಾರರು ಎಂಬುದೇ ನನ್ನ ದೊಡ್ಡ ಭಯ.

ಇನ್ನೊಂದು ಸಂಗತಿಯನ್ನು ನೀನು ಗಣಿಸಿಲ್ಲ. ಮೊಜಾಂಬಿಕ್‌ನ ಅಂತರ್ಯುದ್ಧವನ್ನು ಕೊನೆಗಾಣಿಸಿದ 1992ರ ಒಪ್ಪಂದಕ್ಕೆ ಸಹಿ ಬಿದ್ದದ್ದು ರೋಮಿನಲ್ಲಿ; ಸರ್ಕಾರವನ್ನೂ ಬಂಡುಕೋರರನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಎದುರುಬದುರು ಕೂರಿಸಿದವರಲ್ಲಿ ಮುಖ್ಯರಾದವರು ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಭಕ್ತರ ಬಳಗದವರು.

ಇಲ್ಲಿಂದ ಸ್ವಲ್ಪವೇ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯಿದೆ. ವಿಜಯನಗರದ ಮೇಲೆಯೂ ವಾರಂಗಲ್ಲಿನ ಮೇಲೆಯೂ ದಂಡೆತ್ತಿ ಹೋದ ಆ ದೊರೆಯನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಎಂದು ನೆನೆಯುತ್ತಾರೆ; ಅವನ ಉರುಸಿಗೆ ಜಂಗಮರೇ ಮುಂದಾಳಾಗಿ ಬರುತ್ತಾರೆ. ಯುದ್ಧದ ನೆನಪು ಅಲ್ಲಿ ಮರೆಯಾಯಿತೋ, ಜನ ಅದನ್ನು ಕ್ಷಮಿಸಿದರೋ ನನಗಿನ್ನೂ ಬಗೆಹರಿದಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಉರುಸು ಇರುತ್ತದೆ. ಆಗ ಬಾ, ಅಲ್ಲಿನ ಹಿರಿಯರನ್ನೇ ಕೇಳೋಣ.

ನಿನ್ನ
ಬೀದರಿನ ಗೆಳೆಯ