ಕ್ರಿಸ್‌ಮಸ್‌ಗೆ ಥೀಮ್ ಪಾರ್ಕ್, ಮನೆಯಲ್ಲಿ ಅಲಂಕಾರ

ಎಲ್ಲರಿಗೂ ನಮಸ್ಕಾರ. ಥೀಮ್ ಪಾರ್ಕ್‌ಗೆ ಕ್ರಿಸ್‌ಮಸ್ ನೋಡಲು ಹೊರಟವರು ಇದನ್ನು ಓದಿಕೊಳ್ಳಿ. ಡಿಸೆಂಬರ್ 25ರಿಂದ ಹೊಸ ವರ್ಷದವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತಿಂಗಳ ಮೊದಲ ಭಾಗದಲ್ಲಿ, ಅದೂ ವಾರದ ಮಧ್ಯೆ ಹೋದರೆ ಆರಾಮ. ದೊಡ್ಡ ಪಾರ್ಕ್‌ಗಳಲ್ಲಿ ಅಲಂಕಾರ ನವೆಂಬರ್‌ನಲ್ಲೇ ಶುರುವಾಗಿರುತ್ತದೆ. ಪಾರ್ಕ್‌ನೊಳಗೆ ನಡೆಯುವ ಕ್ರಿಸ್‌ಮಸ್ ಮೆರವಣಿಗೆಯ ಹೊತ್ತಲ್ಲಿ ರೈಡ್‌ಗಳ ಕ್ಯೂ ಸಾಮಾನ್ಯವಾಗಿ ಕಡಿಮೆ. ಮೆರವಣಿಗೆ ಬೇಡದವರು ಆಗಲೇ ನುಗ್ಗಿ! ಸಂಜೆ ದೀಪ ಹತ್ತುವಾಗ ಮಾತ್ರ ಅಲ್ಲಿನ ಕ್ರಿಸ್‌ಮಸ್ ಮರದ ಹತ್ತಿರ ಇರಿ. ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿರುವಾಗ ಫೋಟೋ ಚೆನ್ನಾಗಿ ಬರುತ್ತದೆ.

ಮನೆಯಲ್ಲಿ ಮರ ಸಿಂಗರಿಸುವವರು ಮೊದಲು ದೀಪದ ಸರ ಹಾಕಿ, ಗೊಂಬೆ, ಗಂಟೆ ಎಲ್ಲ ಆಮೇಲೆ. ಸುತ್ತುವ ಮುಂಚೆ ಪ್ಲಗ್ ಹಾಕಿ ನೋಡಿಬಿಡಿ. ಸುಮ್ನೆ ಹೊರಗಷ್ಟೇ ಸುತ್ತಿದರೆ ಚಪ್ಪಟೆಯಾಗಿ ಕಾಣುತ್ತದೆ. ಕಾಂಡದಿಂದ ಕೊಂಬೆಯ ತುದಿಗೆ, ಮತ್ತೆ ವಾಪಸ್ ಕಾಂಡಕ್ಕೆ ತಂದರೆ ಒಳಗಿನಿಂದ ಬೆಳಕು ಹೊಮ್ಮುತ್ತದೆ. ಸರ ಸ್ವಲ್ಪ ಜಾಸ್ತಿ ಬೇಕು, ಆದರೂ ಮಾಡಿ. 1882ರಲ್ಲಿ ನ್ಯೂಯಾರ್ಕ್‌ನ ಎಡ್ವರ್ಡ್ ಜಾನ್ಸನ್ ಮರಕ್ಕೆ 80 ವಿದ್ಯುತ್ ಬಲ್ಬ್ ಕಟ್ಟುವ ಮೊದಲು ಜನ ಕೊಂಬೆಗೆ ಮೇಣದಬತ್ತಿಯನ್ನೇ ಸಿಕ್ಕಿಸುತ್ತಿದ್ದರು. ಈಗ ಅಷ್ಟೇನೂ ಬಿಸಿಯಾಗದ ಎಲ್‌ಇಡಿ ಇರುವಾಗ ಆ ಅಪಾಯ ಯಾಕೆ, ಅಲ್ವಾ?

ಯಾರು ಯಾವತ್ತು ಪಾರ್ಕ್‌ಗೆ ಹೋಗುತ್ತೀರಿ ಎಂದು ಇಲ್ಲೇ ಬರೆಯಿರಿ, ಒಟ್ಟಿಗೆ ಹೋಗೋಣ.